ಯಲ್ಲಾಲಿಂಗನ ರಿಜಿಸ್ಟರು

ಯಾದಗಿರಿ ಕಡೆಯ ಯಲ್ಲಾಲಿಂಗ ಮುಂಬೈಯ ಬೊರಿವಲಿಯ ಒಂದು ಬಿಲ್ಡಿಂಗಿಗೆ ಎಂಟು ವರ್ಷಗಳಿಂದ ವಾಚ್‌ಮನ್. ಬಂದವರನ್ನೆಲ್ಲ "ಯಾರ ಮನಿಗೆ? ಎಷ್ಟೊತ್ತು ಇರ್ತೀರಿ?" ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದೇ ಅವನ ಬದುಕು.

ಈ ಸಲ ಅದೇ ಬಿಲ್ಡಿಂಗಿನಲ್ಲಿರುವ, ಹೋಟೆಲು ನಡೆಸುವ ಸಂದೀಪ ಶೆಟ್ಟರು "ಒಳಗಿನವರೇ ಮೊದಲು" ಎಂದು ಕೂಗಿ ಸೊಸೈಟಿಯ ಚೇರ್ಮನ್ ಆದರು. ಆದದ್ದೇ ತಡ, ಹೊರಗಿನ ತರಕಾರಿಗೆ ಗೇಟಿನಲ್ಲೇ ಸುಂಕ ಹಾಕಿದರು. ಕೊತ್ತಂಬರಿ ದುಪ್ಪಟ್ಟು ತುಟ್ಟಿಯಾಯಿತು. ಚಪ್ಪಾಳೆ ತಟ್ಟಿದ್ದು ಮಾತ್ರ ಅದನ್ನು ಕೊಂಡು ತಿನ್ನುವವರೇ! ಆಮೇಲೆ ಇನ್ನೊಂದು ಕಾನೂನು ಬಂತು, ಅದಕ್ಕೂ ಚಪ್ಪಾಳೆ ಬಿತ್ತು: ಈ ಬಿಲ್ಡಿಂಗಿನಲ್ಲೇ ಹುಟ್ಟಿದವರು ಮಾತ್ರ ಒಳಗಿನವರು, ಉಳಿದವರೆಲ್ಲ ಒಳಗಿನವರೊಬ್ಬರ ಸಹಿಯಿರುವ ಪಾಸು ಮಾಡಿಸಬೇಕು.

"ಒಳಗಿನವರ ಪಟ್ಟಿ ಮಾಡು ಮಾರಾಯ," ಎಂದರು ಶೆಟ್ಟರು.

ಯಲ್ಲಾಲಿಂಗ ಮನೆಮನೆಯ ಬೆಲ್ ಒತ್ತಿದ. ದೊಡ್ಡವರು ಸಾಂಗ್ಲಿ, ಸೂರತ್, ಕುಂದಾಪುರದಲ್ಲಿ ಹುಟ್ಟಿದ್ದರು, ಮಕ್ಕಳೆಲ್ಲ ಆಸ್ಪತ್ರೆಯಲ್ಲಿ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು: ಆರು ವರ್ಷಗಳ ಹಿಂದೆ, ಮಳೆಯಲ್ಲಿ ರಿಕ್ಷಾ ಸಿಗದೆ, ಬಿಲ್ಡಿಂಗಿನ ಪಂಪ್ ರೂಮಿನಲ್ಲೇ ಹುಟ್ಟಿದ ಅವನ ಮಗಳು ಭುವನೇಶ್ವರಿ.

"ಇಷ್ಟ್ ಸಣ್ಣ ಹುಡುಗಿ ಸಹಿ ನಡೀತದೇನ್ರೀ ಶೆಟ್ರ?" ಎಂದು ಕೇಳುತ್ತ ಯಲ್ಲಾಲಿಂಗ ಪಟ್ಟಿಯನ್ನು ಮುಂದಿಟ್ಟ.

ಚಪ್ಪಾಳೆ ಗಿಟ್ಟಿಸಿದ ಕಾನೂನು ಈಗ ಶೆಟ್ಟರಿಗೆ ಬಿಸಿತುಪ್ಪವಾಗಿತ್ತು; ನುಂಗಲೂ ಆಗದು, ಉಗುಳಲೂ ಆಗದು. ಹೂಂ ಎಂದರು.

ಭಾನುವಾರ ಗೇಟಿನ ಮುಂದೆ ಇಡೀ ಬಿಲ್ಡಿಂಗೇ ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಶೆಟ್ಟರು, ಕೈಯಲ್ಲಿ ಪಾಸಿಗೆಂದು ಎರಡು ಫೋಟೊ. ಭುವನೇಶ್ವರಿ ಅಪ್ಪನ ಕುರ್ಚಿ ಏರಿ, ನೆಲ ಮುಟ್ಟದ ಕಾಲುಗಳನ್ನು ಆಡಿಸುತ್ತ, ರಿಜಿಸ್ಟರು ತೆರೆದಳು.

"ಯಾರ ಮನಿಗೆ?"

"ನಮ್ಮ ಮನೆಗೇ, ಮಗಾ," ಎಂದರು ಶೆಟ್ಟರು.

ಅವಳು ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡಳು.

"ಎಷ್ಟೊತ್ತು ಇರ್ತೀರಿ?"