ಅಗೇಟ್ ಬಣ್ಣದ ಹೊಟ್ಟೆಯುರಿ

ದೊಡ್ಡ ಸರೋವರದ ದಂಡೆಯ ಡುಲೂತ್ ಬಂದರಿನ ಹಡಗುಗಳ ಓಡಾಟ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತಿದ್ದ ಆ ಸಣ್ಣ ಕಚೇರಿಯಲ್ಲಿ ವೆಂಡೆಲ್ ಸ್ಟ್ರಾಂಡ್‌ಗೆ ಬಡ್ತಿ ಸಿಕ್ಕಿರಲಿಲ್ಲ, ಕಿಟಕಿ ಪಕ್ಕದ ಮೇಜೂ ಸಿಕ್ಕಿರಲಿಲ್ಲ. ಆದರೇನು, ಎಲ್ಲರ ಪರದೆಯ ಮೇಲೂ ಅವನೇ ಇದ್ದ. ಕೋಡ್ ಬರೆಯುವ ಎಡಿಟರ್‌ಗೆ ಅವನೊಂದು ಬಣ್ಣದ ಥೀಮ್ ಮಾಡಿದ್ದ. ಕಪ್ಪು ಹಿನ್ನೆಲೆ, ಕೆಂಪು, ಕಂದು ಅಕ್ಷರ; ಸರೋವರದ ದಡದಲ್ಲಿ ಸಿಗುವ ಅಗೇಟ್ ಕಲ್ಲಿನ ಹಾಗೆ. ಹೆಸರೂ ‘ಅಗೇಟ್’. ಹೊಸಬರು ಸೇರಿದ ದಿನವೇ ಅವರ ಹೆಗಲ ಮೇಲಿಂದ ಬಾಗಿ ತಾನೇ ಅದನ್ನು ಹಾಕಿಕೊಡುತ್ತಿದ್ದ, ಬೇಡ ಬೇಡವೆಂದರೂ ಎಲೆಗೆ ಬಡಿಸುವವರಂತೆ.

ಹೀಗಿರುವಾಗ ಮ್ಯಾರೆನ್ ಕೋಸ್ಕಿ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಅಗೇಟನ್ನು ಊಟದ ಹೊತ್ತಿನವರೆಗೆ ಸಹಿಸಿ, “ಕಣ್ಣು ಉರೀತಿದೆ” ಎಂದು ತೆಗೆದಳು. ಕೆಲವೇ ವಾರಗಳಲ್ಲಿ ‘ಬ್ಲೂಬೆರಿ’ ಎಂಬ ತನ್ನದೇ ಥೀಮ್ ಮಾಡಿದಳು. ತಿಳಿ ನೇರಳೆ, ಹಾಲುಬಿಳಿ. ಅವಳ ಕಣ್ಣುರಿ ಹೋಯಿತು. ವೆಂಡೆಲ್‌ಗೆ ಹೊಟ್ಟೆಯುರಿ ಶುರುವಾಯಿತು.

ಮ್ಯಾನೇಜರ್ ಡಯಾನ್ ಬ್ಲೂಬೆರಿಯನ್ನು ಎಲ್ಲರ ಯಂತ್ರಕ್ಕೂ ಹಾಕಿಸಿ, “ಬಳಸೋದು ಬಿಡೋದು ನಿಮ್ಮಿಷ್ಟ” ಎಂದಳು. ವೆಂಡೆಲ್ ತನ್ನದರಿಂದ ಅಂದೇ ಕಿತ್ತುಹಾಕಿದ. ಉಳಿದವರು ಒಬ್ಬೊಬ್ಬರಾಗಿ ಬಣ್ಣ ಬದಲಿಸಿದರು. ಅಗೇಟಿಗೆ ಉಳಿದವನು ಲಾಯ್ಡ್ ಒಬ್ಬನೇ. ಪಕ್ಕದ ಮೇಜಿನವನು, ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಜೊತೆಗೆ ಮೀನು ಹಿಡಿಯುವ ಗೆಳೆಯ.

“ನೀನೂ ಆ ಕಡೆ ಹೋಗ್ತೀಯೇನೋ?”

“ಯಾರು ಬದಲಿಸ್ತಾರೋ ಮಾರಾಯ, ಸೋಮಾರಿತನ.”

ವೆಂಡೆಲ್ ಅದನ್ನು ನಿಷ್ಠೆ ಎಂದುಕೊಂಡ. ಲಾಯ್ಡ್ ಇರುವ ತನಕ ಅಗೇಟ್ ಸತ್ತಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಸೂಪ್ ಕುಡಿಯಲು ಹೋದಾಗ, ವೆಂಡೆಲ್ ತಪ್ಪು ಹುಡುಕಲೆಂದೇ ಬ್ಲೂಬೆರಿಯನ್ನು ಗುಟ್ಟಾಗಿ ಮತ್ತೆ ಹಾಕಿಕೊಂಡ. ತಪ್ಪು ಸಿಕ್ಕಿತು! ಕೋಡಿನ ನಡುವೆ ಒಬ್ಬರಿಗೊಬ್ಬರು ಬರೆದಿಡುವ ಟಿಪ್ಪಣಿಗಳು ಹಿನ್ನೆಲೆಯಲ್ಲಿ ಕರಗಿಹೋಗಿದ್ದವು. ಅಗೇಟಿನಲ್ಲೂ ಹಾಗೇ ಇತ್ತು, ಆದರೆ ಅದು ಶೈಲಿ, ಇದು ತಪ್ಪು. ಅಷ್ಟಕ್ಕೆ ಬಿಡದೆ ಕೈ ತುರಿಸಿತು. ಟಿಪ್ಪಣಿಗೆ ಜೇನುಬಣ್ಣ ಕೊಟ್ಟ. ಬ್ಲೂಬೆರಿ ಇನ್ನೂ ಚೆಂದವಾಯಿತು, ಅವನ ಮುಖ ಇನ್ನೂ ಸಣ್ಣದಾಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು. ಗಡಿಬಿಡಿಯಲ್ಲಿ ಉಳಿಸಿ ಮುಚ್ಚಿದ.

ಉಳಿಸಿದ್ದೆಲ್ಲಿ? ಎಡಿಟರ್‌ನ ಬಣ್ಣವನ್ನು ತನ್ನೊಬ್ಬನ ಸೆಟ್ಟಿಂಗ್‌ನಲ್ಲಿ ಇಡಬಹುದು, ಇಲ್ಲವೇ ಎಲ್ಲರೂ ಹಂಚಿಕೊಳ್ಳುವ ಕೋಡಿನ ಜೊತೆಗೇ ಇಡಬಹುದು; ಆಗ ಅವರವರ ಆಯ್ಕೆಯನ್ನು ಮೀರಿ ಎಲ್ಲರಿಗೂ ಅದೇ ಬಣ್ಣ. ಅವನು ಎರಡನೆಯ ಕಡೆ ಇಟ್ಟಿದ್ದ. ಸಂಜೆ ದಿನದ ಕೆಲಸವನ್ನೆಲ್ಲ ಕಳಿಸಿದಾಗ ಅದೂ ಹೋಯಿತು. ಮರುದಿನ ಬೆಳಿಗ್ಗೆ ಎಲ್ಲರೂ ಹೊಸ ಕೋಡ್ ಇಳಿಸಿಕೊಂಡರು. ಎಲ್ಲರ ಪರದೆಯ ಮೇಲೂ ಜೇನು ಹಚ್ಚಿದ ಬ್ಲೂಬೆರಿ!

“ಯಾರ್ರೀ ಇದು ಮಾಡಿದ್ದು?” ಎನ್ನುತ್ತ ಡಯಾನ್ ಬದಲಾವಣೆ ಕಳಿಸಿದವರ ಹೆಸರು ತೆಗೆಸಿ ನೋಡಿದಳು. “ಅಯ್ಯೋ, ನಮ್ಮ ವೆಂಡೆಲ್ಲು!”

ಬಣ್ಣ ಮಾಡಿದವನ ಬಣ್ಣ ಬಯಲಾಯಿತು.

“ಕದ್ದು ಕದ್ದು ನನ್ ಥೀಮ್ ನೋಡ್ತಿದ್ರಾ?” ಮ್ಯಾರೆನ್ ನಕ್ಕಳು. “ಟಿಪ್ಪಣಿ ಬಣ್ಣ ಮಾತ್ರ ಸಕತ್ತಾಗಿದೆ. ನಾನೇ ಎಡವಿದ್ದೆ. ಇಟ್ಕೊಳ್ಲಾ?”

“ಅದು ಕೈತಪ್ಪು ಅಷ್ಟೆ. ತೆಗೀತೀನಿ ಈಗ್ಲೇ.” ಒಂದು ಕೀಲಿ ಒತ್ತಿದರೆ ಎಲ್ಲರಿಗೂ ಅವರವರ ಬಣ್ಣ ಮರಳುತ್ತಿತ್ತು. ಅವನು ಪಕ್ಕಕ್ಕೆ ತಿರುಗಿದ. “ಲಾಯ್ಡ್, ನಿನ್ನ ಅಗೇಟ್ ವಾಪಸ್ ಬರ್ತಿದೆ ಕಣೋ, ಒಂದ್ನಿಮಿಷ.”

ಲಾಯ್ಡ್ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿಕೊಂಡಿದ್ದ. “ಬೇಡ, ಇರ್ಲಿ ಬಿಡೋ. ನೀನು ಬರೆದ ಟಿಪ್ಪಣಿ ಇವತ್ತೇ ಮೊದಲು ಕಣ್ಣಿಗೆ ಬೀಳ್ತಿರೋದು. ‘ಇದನ್ನು ಲಾಯ್ಡ್ ಬರೆದಿದ್ದಾನೆ, ದೇವರೇ ಕಾಪಾಡಬೇಕು.’ ಎಷ್ಟು ವರ್ಷದಿಂದ ಬೈತಿದ್ದೀಯೋ ನನ್ನ?”

ಕಚೇರಿಯೇ ಗೊಳ್ಳೆಂದಿತು. ವೆಂಡೆಲ್ ಕೀಲಿಯಿಂದ ಬೆರಳೆತ್ತಿದ. ತನ್ನ ಯಂತ್ರಕ್ಕಷ್ಟೇ ಅಗೇಟ್ ಹಾಕಿಕೊಂಡು, ಇಡೀ ಕಚೇರಿಯಲ್ಲಿ ಅದರ ಕಟ್ಟಕಡೆಯ ಬಳಕೆದಾರನಾಗಿ ಕುಳಿತ. ಪಕ್ಕದಲ್ಲಿ ಲಾಯ್ಡ್ ಒಂದೊಂದೇ ಬೈಗುಳವನ್ನು ಗಟ್ಟಿಯಾಗಿ ಓದುತ್ತಿದ್ದ, ಮ್ಯಾರೆನ್ ಹೊಟ್ಟೆ ಹಿಡಿದು ನಗುತ್ತಿದ್ದಳು. ಲಾಯ್ಡ್‌ನ ಪರದೆಯಲ್ಲಿ ಜೇನುಬಣ್ಣ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದನ್ನು ಹಚ್ಚಿದವನ ಮೇಲೂ ವೆಂಡೆಲ್‌ಗೆ ಹೊಟ್ಟೆಕಿಚ್ಚಾಯಿತು.