ಅವರೆಕಾಯಿ ಡೆಲಿವರಿ

ವರ್ಷದ ಕೊನೆ ಬಂತೆಂದರೆ ಟಿವಿಯವರೂ ಪತ್ರಿಕೆಯವರೂ ತಂತ್ರಜ್ಞಾನ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂದು ಗಂಭೀರವಾಗಿ ಚರ್ಚಿಸುತ್ತಾರೆ. ನಮ್ಮ ಮಾವನನ್ನು ಅದು ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ, ಡಿಸೆಂಬರಿನ ಕೊನೆಯ ದಿನ ಮಟಮಟ ಮಧ್ಯಾಹ್ನ, ಒಂದು ದೊಡ್ಡ ಚೀಲದ ಸಮೇತ ತಂದು ನಿಲ್ಲಿಸಿತ್ತು.

ಮಾವ ಎಂದರೆ ಅಮ್ಮನ ಒಬ್ಬನೇ ತಮ್ಮ. ಹೊಸಕೆರೆಹಳ್ಳಿಯಲ್ಲಿ ಮನೆ. ಅಮ್ಮ ನನ್ನ ಜೊತೆಗಿದ್ದಾಳೆ. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರಿಗೂ ಮಾತಿನಲ್ಲಿ ಸೋತು ಅಭ್ಯಾಸವಿಲ್ಲ. ಹಿಂದಿನ ವರ್ಷ ಮಾವ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ, ವಯಸ್ಸಾದವರು ಕಾಫಿ ಕುಡಿದರೆ ಮರೆವು ಬರುತ್ತದೆ ಎಂಬ ಫಾರ್ವರ್ಡ್ ಒಂದನ್ನು ಕಳಿಸಿದರು. ಅಮ್ಮ ಆಗಷ್ಟೇ ಎರಡನೇ ಲೋಟ ಕಾಫಿ ಕೈಗೆತ್ತಿಕೊಂಡಿದ್ದಳು. ನೀನು ಹುಟ್ಟಿದಾಗಿನಿಂದ ಕಾಫಿ ಮುಟ್ಟಿದವನಲ್ಲ, ಆದರೂ ಏಳರ ಮಗ್ಗಿ ಯಾವತ್ತು ನೆನಪಿತ್ತು ಎಂದು ಬರೆದು ಕಳಿಸಿದಳು. ಆ ಗ್ರೂಪಿನಲ್ಲಿ ಮಾವನ ಬೀಗರೂ ಇದ್ದರು. ಬೀಗಿತ್ತಿ ನಗುವ ಗೊಂಬೆ ಹಾಕಿದ್ದೇ ತಡ, ಮಾವ ಸಿಟ್ಟಾಗಿ ಏನೋ ಬರೆದರು. ಗ್ರೂಪಿನ ಅಡ್ಮಿನ್ ಆಗಿದ್ದ ಅಮ್ಮ ಅವರನ್ನು ತೆಗೆದುಹಾಕಿದಳು. ಸಂಜೆಯ ಹೊತ್ತಿಗೆ ಮಾವ ಇನ್ನೊಂದು ಗ್ರೂಪ್ ಕಟ್ಟಿದ್ದರು. ಅಮ್ಮನದು ‘ನಮ್ಮ ಕುಟುಂಬ’, ಮಾವನದು ‘ನಮ್ಮ ನಿಜವಾದ ಕುಟುಂಬ’. ನೆಂಟರೆಲ್ಲ ಎರಡರಲ್ಲೂ ಸೇರಿಕೊಂಡರು. ಯಾರದೇ ಮಗುವಿಗೆ ಹಲ್ಲು ಬಂದರೂ ಎರಡೆರಡು ಸಲ ಅಭಿನಂದಿಸಬೇಕಾಯಿತು. ಅಕ್ಕ ತಮ್ಮನ ನಡುವೆ ಮಾತ್ರ ಮಾತು ನಿಂತುಹೋಯಿತು.

ಈ ನಡುವೆ ನಮ್ಮ ಅಪಾರ್ಟ್‌ಮೆಂಟಿಗೆ ಗೇಟಿನ ಆ್ಯಪ್ ಬಂತು. ಯಾರೇ ಬಂದರೂ ಸೆಕ್ಯುರಿಟಿಯವನು ಹೆಸರು ಹಾಕುತ್ತಾನೆ, ನಮ್ಮ ಫೋನ್ ಕೂಗುತ್ತದೆ. ಹಸಿರು ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ವಾಪಸ್. ಮನೆಯಲ್ಲೇ ಇರುವವಳೆಂದು ಅದನ್ನು ಅಮ್ಮನ ಫೋನಿಗೆ ಹಾಕಿಕೊಟ್ಟೆ. ಇಷ್ಟು ಅಧಿಕಾರ ಅವಳಿಗೆ ಅಪ್ಪ ಇದ್ದಾಗಲೂ ಸಿಕ್ಕಿರಲಿಲ್ಲವೇನೋ. ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದವರನ್ನು ಕೂತಲ್ಲಿಂದಲೇ ವಾಪಸ್ ಕಳಿಸಿ, ಆಮೇಲೆ ತೃಪ್ತಿಯಿಂದ ಹೂವು ಕಟ್ಟುವುದು ಮುಂದುವರಿಸುತ್ತಿದ್ದಳು.

ಆ ಮಧ್ಯಾಹ್ನ ಫೋನ್ ಕೂಗಿತು. ಅಮ್ಮ ಕನ್ನಡಕ ಏರಿಸಿ ನೋಡಿದಳು, ಮುಖ ಬಿಗಿಯಾಯಿತು, ಕೆಂಪು ಒತ್ತಿದಳು. ಯಾರು ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಮತ್ತೆ ಕೂಗಿತು, ಮತ್ತೆ ಕೆಂಪು. ಅಷ್ಟರಲ್ಲಿ ನನಗೇ ಮಾವನ ಫೋನ್ ಬಂತು. ನಿಮ್ಮಮ್ಮ ನನ್ನನ್ನು ರಿಜೆಕ್ಟ್ ಮಾಡುತ್ತಿದ್ದಾಳೆ, ಸೆಕ್ಯುರಿಟಿಯವನು ಅಯ್ಯೋ ಪಾಪ ಅಂತ ಕುರ್ಚಿ ಕೊಟ್ಟಿದ್ದಾನೆ ಎಂದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಚಪ್ಪಲಿ ಹುಡುಕತೊಡಗಿದಾಗ ಅಮ್ಮ ಅಡುಗೆಮನೆಯಿಂದಲೇ, ಯಾರೂ ಕೆಳಗೆ ಹೋಗುವ ಅಗತ್ಯವಿಲ್ಲ ಎಂದು ಆಜ್ಞೆ ಹೊರಡಿಸಿದಳು. ನಾನು ಅದನ್ನು ಪಿಸುಮಾತಿನಲ್ಲಿ ಮಾವನಿಗೆ ಮುಟ್ಟಿಸಿದೆ. ಒಂದು ನಿಮಿಷ ಇರು ಎಂದು ಅವರು ಫೋನಿಟ್ಟರು.

ಸ್ವಲ್ಪ ಹೊತ್ತಿಗೆ ಅಮ್ಮನ ಫೋನ್ ಮತ್ತೆ ಕೂಗಿತು. ಈ ಸಲ ಅವಳು ನನ್ನ ಕಡೆ ತಿರುಗಿ, “ಅವರೆಕಾಯಿ ತರಿಸಿದ್ದೀಯೇನೇ? ಡೆಲಿವರಿ ಅಂತ ಬಂದಿದೆ” ಎಂದಳು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಸೊಗಡಿನದೋ ಏನೋ ನೋಡೋಣ ಎಂದೆ. ಅಮ್ಮ ಹಸಿರು ಒತ್ತಿದಳು.

ಬೆಲ್ ಆದಾಗ ಬಾಗಿಲು ತೆಗೆದವಳು ಅವಳೇ. ಮಾವ ಎದೆಗೆ ಚೀಲ ಅವುಚಿಕೊಂಡು ನಿಂತಿದ್ದರು. ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, “ಡೆಲಿವರಿಯವ್ರು ಬಾಗಿಲಲ್ಲೇ ಇಟ್ಟು ಹೋಗ್ಬೇಕು” ಎಂದಳು.

“ಓಟಿಪಿ ಹೇಳ್ದೆ ಕೊಡೋ ಹಾಗಿಲ್ಲ ಮೇಡಂ.”

ಅಮ್ಮನ ತುಟಿ ಒಂದು ಕಡೆಗೆ ಎಳೆದುಕೊಂಡಿತು. ನಗು ಬಂದರೆ ತಡೆಯಲು ಅವಳು ಮಾಡುವ ಕೆಲಸ ಅದು. “ನನ್ಹತ್ರ ಯಾವ ಓಟಿಪಿನೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾ” ಎಂದು ಚೀಲವನ್ನು ಕಿತ್ತುಕೊಂಡು ಒಳಗೆ ಹೋದಳು.

ಹಾಲಿನಲ್ಲಿ ಪೇಪರ್ ಹಾಸಿ ಇಬ್ಬರೂ ಕಾಯಿ ಬಿಡಿಸಲು ಕೂತರು. ರಾಜಿಯಾಯಿತೆಂದು ನಾನು ಅಂದುಕೊಂಡಿದ್ದು ತಪ್ಪು. ಐದು ನಿಮಿಷದೊಳಗೆ ಕಾಫಿಯ ಜಗಳ ಬಿಟ್ಟಲ್ಲಿಂದ ಶುರುವಾಯಿತು. ಕೊನೆಗೆ ಮಾವ ನನ್ನ ಫೋನಿನ ಎಐಯನ್ನು ಕೇಳಿಬಿಡೋಣ, ಅದಕ್ಕೆ ಅಕ್ಕನೂ ಇಲ್ಲ ತಮ್ಮನೂ ಇಲ್ಲ ಎಂದರು. ಕೇಳಿದೆ. ಅದು ಬಹಳ ಮರ್ಯಾದೆಯ ಕನ್ನಡದಲ್ಲಿ, ಇಬ್ಬರ ಮಾತಿನಲ್ಲೂ ಅರ್ಥವಿದೆ, ಮಿತವಾಗಿ ಕುಡಿಯಬಹುದು, ಅನುಮಾನವಿದ್ದರೆ ವೈದ್ಯರನ್ನು ಕೇಳಿ ಎಂದಿತು. ಅಮ್ಮನಿಗೆ ರೇಗಿತು. ಮಾವನಿಗೆ ಇನ್ನೂ ಹೆಚ್ಚು ರೇಗಿತು.

“ಥೇಟ್ ನಮ್ಮ ಸೋದರತ್ತೆ ಕಣೋ” ಎಂದಳು ಅಮ್ಮ. “ಈ ಮನೇಲಿ ಊಟ ಮಾಡಿ ಇವರಿಗೆ ಹೂಂ ಅನ್ನೋದು, ಆ ಮನೇಲಿ ಊಟ ಮಾಡಿ ಅವರಿಗೆ ಹೂಂ ಅನ್ನೋದು.”

ಮಾವ ಬಿದ್ದುಬಿದ್ದು ನಕ್ಕರು. ಅಲ್ಲಿಂದ ಮುಂದೆ ಆ ಸೋದರತ್ತೆಯದೇ ಮಾತು. ಆಕೆ ತೀರಿಕೊಂಡು ಎಷ್ಟೋ ಕಾಲವಾಗಿದೆ. ಆ ಮಧ್ಯಾಹ್ನ ಆಕೆಯನ್ನು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮಂದಿಯನ್ನು ಹತ್ತಿರ ತರುತ್ತೇನೆಂದು ಹೇಳಿಕೊಳ್ಳುವ ಯಂತ್ರ ಅಂತೂ ತಂದಿತ್ತು, ತಾನೇ ಇಬ್ಬರಿಂದಲೂ ಬೈಸಿಕೊಂಡು.

ಹಳೆಯ ಗ್ರೂಪಿಗೆ ಮತ್ತೆ ಸೇರಿಸುತ್ತೇನೆಂದು ಅಮ್ಮ ಹೇಳಿದಾಗ ಮಾವ, ನೀನೇ ನನ್ನದಕ್ಕೆ ಬಾ ಎಂದರು. ಅದು ಇವತ್ತಿಗೂ ಇತ್ಯರ್ಥವಾಗಿಲ್ಲ. ನೆಂಟರು ಈಗಲೂ ಎರಡೆರಡು ಸಲ ಅಭಿನಂದಿಸುತ್ತಿದ್ದಾರೆ.

ಹೊಸವರ್ಷದ ಗಲಾಟೆಗೆ ರಸ್ತೆ ಮುಚ್ಚುತ್ತಾರೆಂದು ಮಾವ ಬೆಳಕಿರುವಾಗಲೇ ಹೊರಟರು. ಹೋಗುವಾಗ ಅಮ್ಮ ಅವರ ಜೇಬಿಗೆ ಒಂದಿಷ್ಟು ಕೋಡುಬಳೆ ತುರುಕಿದಳು. ಬಾಲ್ಕನಿಯಲ್ಲಿ ನಿಂತು ಆಟೋ ತಿರುಗುವವರೆಗೂ ನೋಡಿದಳು. “ಸಣ್ಣ ಆಗಿದಾನಲ್ವೇನೇ?” ಎಂದಳು. ನಾನು ಹೂಂ ಎಂದೆ.

ಸಂಜೆ ತಲುಪಿದರೋ ಇಲ್ಲವೋ ಕೇಳು ಎಂದು ನನಗೆ ಹೇಳಿದಳು. ಕೈ ಕೆಲಸದಲ್ಲಿದೆ, ನೀನೇ ಕೇಳು ಎಂದೆ ನಾನು. ಸ್ವಲ್ಪ ಹೊತ್ತು ಫೋನನ್ನು ತಿರುವಿ ಮುರುವಿ ನೋಡಿ, ಕೊನೆಗೆ ಮಾಡಿದಳು. ತಲುಪಿದ್ದೀಯಾ ಎಂದು ಕೇಳಲಿಲ್ಲ. ಅರ್ಧಕ್ಕರ್ಧ ಕಾಯಿಯಲ್ಲಿ ಹುಳ ಇತ್ತು, ಯಾವನ ಹತ್ತಿರ ತಂದೆ ಎಂದು ಶುರು ಮಾಡಿದಳು. ಒಂದು ಹುಳವೂ ಇರಲಿಲ್ಲ. ನಾನು ಬೇಳೆ ಹಿತುಕುತ್ತಾ ಸುಮ್ಮನೆ ಕೇಳಿಸಿಕೊಂಡೆ.