ಮೊಗ್ಗು ಕೊಯ್ಯದ ನಾಗವೇಣತ್ತೆ

ನಾಗವೇಣತ್ತೆ ಮೊಗ್ಗು ಕೊಯ್ದವಳಲ್ಲ. ಶಿರಸಿಯಲ್ಲಿ ನಮ್ಮ ಪಕ್ಕದ ಮನೆ ಅವಳದು. ಊರಿನವರೆಲ್ಲ ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕಿತ್ತು ಮಾಲೆ ಕಟ್ಟಿದರೆ ಇವಳು ಅರಳುವ ತನಕ ಕಾಯುತ್ತಿದ್ದಳು. ಅಷ್ಟರಲ್ಲಿ ಅರ್ಧ ಉದುರಿರುತ್ತಿತ್ತು. ಕೇಳಿದರೆ, “ಅರಳಲೆ ಹುಟ್ಟಿದ್ದು ತಮಾ. ಅರಳ್ದೇ ಕೊಯ್ದ್ರೆ ಅದರ ಶಾಪ ಯಾರಿಗೆ?” ಎನ್ನುವಳು.

ಅಂಥವಳು ಬ್ರೊಕೋಲಿ ಬೆಳೆಯಲು ಹೊರಟದ್ದು ಗಂಡನಿಗಾಗಿ. ಗಂಟಲ ಕಾಯಿಲೆಗೆ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬಂದ ಸುಬ್ರಾಯ ಮಾವನಿಗೆ ಗಂಜಿ ಕಂಡರೂ ಓಕರಿಕೆ. ಆಸ್ಪತ್ರೆಯಲ್ಲಿ ಒಮ್ಮೆ ಕೊಟ್ಟ ಬ್ರೊಕೋಲಿ ಸೂಪು ಮಾತ್ರ ರುಚಿಸಿತ್ತಂತೆ. ನಾನು ಪೇಟೆಯಿಂದ ತಂದುಕೊಟ್ಟದ್ದು ಬಾಡಿ ವಾಸನೆ ಹೊಡೆಯುತ್ತಿತ್ತು; ಒಂದು ಚಮಚ ಬಾಯಿಗಿಟ್ಟು ಮುಖ ತಿರುಗಿಸಿದರು.

“ಮನೇಲೇ ಬೆಳೆಸ್ತೆ. ಇವ್ರು ನನ್ನತ್ರ ಬಾಯ್ಬಿಟ್ಟು ಕೇಳಿದ್ದು ಇದೊಂದೇಯ” ಎಂದಳು ಅತ್ತೆ.

ಚಳಿ ಶುರುವಾಗುವ ಹೊತ್ತಿಗೆ ಎಕ್ಕಂಬಿ ಕಡೆಯಿಂದ ಸಸಿ ತಂದುಕೊಟ್ಟೆ. ಹಿತ್ತಿಲಲ್ಲಿ ಬಿಸಿಲು ಬೀಳುವ ಜಾಗ ಹುಡುಕಿ, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟಳು. ಬೆಳಗಾದರೆ ಎಲೆ ಮಗುಚಿ ಹಸಿರು ಹುಳ ಹೆಕ್ಕುವುದು, ಬಚ್ಚಲ ಒಲೆಯ ಬೂದಿ ಉದುರಿಸುವುದು. ಹುಳವನ್ನೂ ಕೊಲ್ಲುವವಳಲ್ಲ, ಎಲೆಯ ಚೂರಿನಲ್ಲಿಟ್ಟು ಬೇಲಿಯಾಚೆ ಬಿಡುತ್ತಿದ್ದಳು. ಬೇಲಿಯಾಚೆ ನಮ್ಮ ಕೋಸಿತ್ತು! ನಾನು ಹುಸಿಕೋಪ ತೋರಿಸಿದರೆ ನಗುವಳು. ಆ ಮನೆಯಲ್ಲಿ ಆಗ ನಗು ಅಂತ ಕೇಳುತ್ತಿದ್ದದ್ದು ಅಷ್ಟೇ.

ಕಡೆಗೂ ಒಂದು ಗಿಡದಲ್ಲಿ ಮುಷ್ಟಿಗಾತ್ರದ ಗಡ್ಡೆ ಕಟ್ಟಿತು. ಕೊಯ್ಯಿ ಅತ್ತೆ ಎಂದೆ. ಬಗ್ಗಿ ನೋಡಿದವಳು ಬೆಚ್ಚಿದಳು.

“ಇದು ಪೂರಾ ಮೊಗ್ಗಲ್ದನೋ!”

ಮೊಗ್ಗಿನ ಗೊಂಚಲನ್ನೇ ತಿನ್ನುವುದು, ಅರಳಿದರೆ ರುಚಿ ಕೆಡುತ್ತದೆ ಎಂದು ವಿವರಿಸಿದೆ. ಕತ್ತಿ ಹಿಡಿದು ಕೂತಳು, ಎದ್ದಳು, ಮತ್ತೆ ಕೂತಳು. “ಕೊಯ್ಯಲೆ ಕೈ ಬತ್ತಿಲ್ಲೆ” ಎಂದಳು. ನಾನು ಕೊಯ್ಯಲೇ ಎಂದರೆ, “ನೀ ಕೊಯ್ದ್ರೂ ಕೊಯ್ಸಿದವಳು ನಾನೇಯ.”

ಒಳಗೆ ಮಾವ ಕೆಮ್ಮಿದರು. ಅತ್ತೆಯ ಕಣ್ಣು ತುಂಬಿತು. “ನಾಳೆ ಬೆಳಿಗ್ಗೆ ಬಂದು ನೀನೇ ಕೊಯ್ದು ಕೊಡು. ಪಾಪ ತಟ್ಟಿದ್ರೆ ನಂಗೇ ತಟ್ಲಿ, ಇವ್ರಿಗೆ ಒಂದು ಗುಟುಕು ಒಳಗೆ ಹೋಗ್ಲಿ.”

ಬೆಳಿಗ್ಗೆ ನಾನು ಕತ್ತಿ ಹಿಡಿದು ಹೋದಾಗ ಅವರ ಅಂಗಳದಲ್ಲಿ ಅಂಬುಲೆನ್ಸ್ ನಿಂತಿತ್ತು. ಮಾವ ಉಸಿರಿಗೆ ಒದ್ದಾಡುತ್ತಿದ್ದರು. ಕತ್ತಿ ಕೆಳಗಿಟ್ಟು ಸ್ಟ್ರೆಚರಿಗೆ ಕೈಕೊಟ್ಟೆ. ಹುಬ್ಬಳ್ಳಿಯಿಂದ ಅವರು ಜೀವಂತ ಬರಲಿಲ್ಲ. ಸೂತಕದ ದಿನಗಳಲ್ಲಿ ನಾನು ಆ ಗಿಡಕ್ಕೆ ನೀರು ಹಾಕುತ್ತಿದ್ದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆಯನ್ನು ಕರೆದೊಯ್ಯಲು ವಜ್ರಳ್ಳಿಯಿಂದ ಅವಳ ತಂಗಿ ಬಂದಳು. ಹೊರಡುವ ಮುನ್ನ ಅತ್ತೆ ಹಿತ್ತಿಲಿಗೆ ಹೋದಳು. ಗಡ್ಡೆ ಬಿಚ್ಚಿಕೊಂಡು ಹಳದಿ ಹೂವಾಗಿತ್ತು. ಒಂದೊಂದೇ ಬಿಡಿಸಿ ಸೆರಗಿಗೆ ಹಾಕಿಕೊಂಡಳು.

“ಈಗ ಅರಳಿದ್ದು ತಮಾ. ಇನ್ನು ಕೊಯ್ಯಲಕ್ಕು.”

ಆ ಹೂವನ್ನೇ ಮಾವನ ಫೋಟೋಕ್ಕೆ ಏರಿಸಿದಳು. ಗಿಡದಲ್ಲಿ ಇನ್ನೊಂದಿಷ್ಟು ಮೊಗ್ಗುಗಳಿದ್ದವು, ಅವನ್ನು ಮುಟ್ಟಲಿಲ್ಲ. “ಅರಳಿದ ಮೇಲೆ ನೀನೇ ಇವ್ರ ಫೋಟೋಕ್ಕೆ ಏರ್ಸು” ಎಂದು ಮನೆಯ ಕೀಲಿಕೈ ನನ್ನ ಕೈಗಿಟ್ಟು ಹೋದಳು. ಮತ್ತೆ ಬರಲಿಲ್ಲ. ಆ ಗಿಡದ ಹೂವು ಎಂದೋ ಮುಗಿಯಿತು. ಕೀಲಿಕೈ ಇನ್ನೂ ನನ್ನ ಹತ್ತಿರವೇ ಇದೆ.